ಮುಗಿದ ಕತೆಗೆ ಎರಡನೇ ಕ್ಯಾಸೆಟ್ಟು

ಶಿರಸಿಯ ಮಳೆಗಾಲಕ್ಕೆ ವಿಡಿಯೊ ಕ್ಯಾಸೆಟ್ಟಿಗೂ ಬೂಷ್ಟು ಹಿಡಿಯುತ್ತಿತ್ತು. ರೀಲಿನ ಅಂಚಿಗೆ ಬಿಳಿ ಪುಡಿ. ಒರೆಸದೆ ಹಾಕಿದರೆ ಪರದೆ ತುಂಬ ಗೆರೆ. ಬಾಡಿಗೆ ಅಂಗಡಿಯಲ್ಲಿ ಡಿಸ್ನಿ ಕಂಪನಿಯ ಕಾರ್ಟೂನ್ ಚಿತ್ರ ‘ಅಲಾದ್ದೀನ್’ ಯಾವಾಗ ಕೇಳಿದರೂ ಬೇರೆ ಯಾರದೋ ಮನೆಗೆ ಹೋಗಿರುತ್ತಿತ್ತು. ಅದರ ಎರಡನೇ ಭಾಗ ಮಾತ್ರ ಯಾವಾಗಲೂ ಸಿಗುತ್ತಿತ್ತು. ತಂದು ನೋಡಿದರೆ ಅದೇ ಮುಖಗಳು, ಬಣ್ಣ ಮಾತ್ರ ಸಪ್ಪೆ. ನಮಗೆ ಇಂಗ್ಲಿಷ್ ಅರ್ಧಂಬರ್ಧ; ಆದರೂ ದೀಪದ ಭೂತ ಜೀನಿಯ ದನಿ ಬೇರೆಯವರದ್ದು ಎಂದು ಗೊತ್ತಾಗಿಬಿಟ್ಟಿತು.

ದನಿ ನಿಜಕ್ಕೂ ಬೇರೆಯವರದ್ದೇ. 1992ರ ಮೂಲ ಚಿತ್ರಕ್ಕೆ ದನಿ ಕೊಟ್ಟ ರಾಬಿನ್ ವಿಲಿಯಮ್ಸ್, ಸರಕು ಮಾರುವುದಕ್ಕೂ ಆ ದನಿಯನ್ನು ಬಳಸಿಕೊಂಡರೆಂದು ಡಿಸ್ನಿ ಮೇಲೆ ಮುನಿಸಿಕೊಂಡಿದ್ದರು. 1994ರಲ್ಲಿ ಅದರ ಎರಡನೇ ಭಾಗ ‘ದಿ ರಿಟರ್ನ್ ಆಫ್ ಜಾಫರ್’ ಟಾಕೀಸಿನ ಮುಖ ನೋಡದೆ ನೇರ ಕ್ಯಾಸೆಟ್ಟಿಗೆ ಬಂತು. ಮಾಡಿದ್ದು ಡಿಸ್ನಿಯ ಟಿವಿ ಸರಣಿಗಳ ವಿಭಾಗ. ಖರ್ಚು ಮೂಲ ಚಿತ್ರದ ಒಂದು ಚೂರು. ಒಂದು ಕೋಟಿಗೂ ಮೀರಿ ಕ್ಯಾಸೆಟ್ ಮಾರಾಟವಾದವು. ರುಚಿ ಸಿಕ್ಕಿತಲ್ಲ, ಅಲ್ಲಿಂದ ಸಾಲು ಸಾಲು: 1998ರಲ್ಲಿ ‘ಲಯನ್ ಕಿಂಗ್’ ಎರಡನೆಯದು, 2002ರಲ್ಲಿ ‘ಸಿಂಡ್ರೆಲಾ’ ಎರಡನೆಯದು. ಬೇರೆ ಕಂಪನಿಗಳೂ ಹಿಂದೆ ಬೀಳಲಿಲ್ಲ. 1988ರ ‘ದಿ ಲ್ಯಾಂಡ್ ಬಿಫೋರ್ ಟೈಮ್’ ಎಂಬ ಡೈನೊಸಾರ್ ಮರಿಗಳ ಚಿತ್ರಕ್ಕೆ 2016ರ ಹೊತ್ತಿಗೆ 13 ಮುಂದುವರಿಕೆಗಳು!

ಲೆಕ್ಕ ಸುಲಭವಿತ್ತು. ನೋಡುವುದು ಮಗು, ದುಡ್ಡು ಕೊಡುವುದು ಅಪ್ಪ. ಅಪ್ಪನಿಗೆ ಡಬ್ಬಿಯ ಮೇಲಿನ ಹೆಸರು ಗೊತ್ತಿದ್ದರೆ ಸಾಕು. ಮಗುವೋ, ನೋಡಿದ್ದನ್ನೇ ಇಪ್ಪತ್ತು ಸಲ ನೋಡುತ್ತದೆ. ವಿಮರ್ಶೆ ಬರೆಯುವವರು ಇತ್ತ ಅಷ್ಟಾಗಿ ತಲೆ ಹಾಕುತ್ತಿರಲಿಲ್ಲ. ಹೊಸ ಕತೆ ಹುಟ್ಟಿಸುವ, ಅದಕ್ಕೆ ಪ್ರಚಾರ ಮಾಡುವ ತಾಪತ್ರಯವೇ ಇಲ್ಲ.

ಮುಂದುವರಿಸುವುದೇ ತಪ್ಪು ಎನ್ನಲು ಉತ್ತರ ಕನ್ನಡದವನಿಗೆ ಬಾಯಿ ಬರಲಾರದು. ಯಕ್ಷಗಾನದಲ್ಲಿ ಕೃಷ್ಣ ಸಂಧಾನ ನೋಡಿದವರು ಕರ್ಣಪರ್ವಕ್ಕೂ ಚಾಪೆ ಹಿಡಿದು ಹೋಗುತ್ತಾರೆ. ಸಂಧಾನ ಮುರಿದ ಮೇಲೆ ಯುದ್ಧ ಬಾಕಿ ಇರುತ್ತದಲ್ಲ. ಸಿಂಡ್ರೆಲಾಳ ಮದುವೆ ಆದಮೇಲೆ ಬಾಕಿ ಇದ್ದದ್ದು ಏನು? ಏನೂ ಇಲ್ಲದ್ದಕ್ಕೇ ಮೂರು ಸಣ್ಣ ಕತೆಗಳನ್ನು ಹೊಲಿದು ಒಂದು ಚಿತ್ರ ಎಂದರು. ಕನ್ನಡವೂ ಇದರಿಂದ ಹೊರತಲ್ಲ: 2006ರ ‘ಮುಂಗಾರು ಮಳೆ’ಗೆ ಹತ್ತು ವರ್ಷದ ಮೇಲೆ ಎರಡನೆಯದು ಬಂದಾಗ ಹೆಸರೂ ಗಣೇಶರೂ ಇದ್ದರು, ಕತೆ, ನಿರ್ದೇಶಕ ಎರಡೂ ಬೇರೆ.

ಒಂದು ಅಪವಾದ ಹೇಳಲೇಬೇಕು. ‘ಟಾಯ್ ಸ್ಟೋರಿ 2’ ಕೂಡ ಕ್ಯಾಸೆಟ್ಟಿಗೆಂದೇ ಶುರುವಾದದ್ದು. ಅದನ್ನು ಮಾಡುತ್ತಿದ್ದ ಅನಿಮೇಷನ್ ಕಂಪನಿ ಪಿಕ್ಸರ್‌ನವರು ಕತೆಯನ್ನು ಮತ್ತೆ ಕಟ್ಟಿ 1999ರಲ್ಲಿ ಟಾಕೀಸಿಗೇ ತಂದರು. 2006ರಲ್ಲಿ ಡಿಸ್ನಿ ಪಿಕ್ಸರನ್ನು ಕೊಂಡಾಗ, ಅದೇ ಪಿಕ್ಸರಿನ ಜಾನ್ ಲ್ಯಾಸಟರ್ ಡಿಸ್ನಿಯ ಅನಿಮೇಷನ್ನಿಗೂ ಹಿರಿಯರಾದರು. ಹಳೆಯ ಚಿತ್ರಗಳಿಗೆ ಬಾಲ ಕಟ್ಟುವ ಕೆಲಸ ಮರುವರ್ಷ ನಿಂತಿತು. ಆಗಲೇ ಕೈಯಲ್ಲಿದ್ದ ಕೊನೆಯದು, ‘ಲಿಟಲ್ ಮರ್ಮೇಡ್’ನ ಮೂರನೆಯದು, 2008ರಲ್ಲಿ ಹೊರಬಂತು.

ಕ್ಯಾಸೆಟ್ಟು ಹೋಯಿತು, ಸಿಡಿಯೂ ಹೋಯಿತು. ಮೊನ್ನೆ ಅಕ್ಕನ ಮಗಳು ಜಗಲಿಯಲ್ಲಿ ಮೊಬೈಲಿಗೆ ಕಣ್ಣು ನೆಟ್ಟು ಕೂತಿದ್ದಳು. ಮೊದಲನೆಯ ಭಾಗ ಹೇಗಿತ್ತು ಎಂದು ಕೇಳಿದೆ.

“ಗೊತ್ತಿಲ್ಲೆ ಮಾವ. ಇದು ಮೂರನೇದು. ಮುಗಿದ್ಮೇಲೆ ನಾಲ್ಕನೇದು ತನ್ನಷ್ಟಕ್ಕೇ ಬತ್ತು.”