ಬ್ಯಾಟಿಂಗ್‌ನಲ್ಲಿ ಕೊನೆ, ಪಟ್ಟಿಯಲ್ಲಿ ಮೊದಲು: 1906ರ ಶಿಕಾಗೋ ವೈಟ್ ಸಾಕ್ಸ್

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ 1906ರ ಅಂಕಿಅಂಶಗಳನ್ನು ಮೊದಲ ಸಲ ನೋಡುವವರಿಗೆ ಎಲ್ಲೋ ಮುದ್ರಣದೋಷವಿರಬೇಕು ಎನ್ನಿಸುವುದು ಸಹಜ. ಆ ವರ್ಷ ಅಮೆರಿಕನ್ ಲೀಗ್‌ನ ಎಂಟು ತಂಡಗಳ ಪೈಕಿ ಬ್ಯಾಟಿಂಗ್ ಸರಾಸರಿಯಲ್ಲಿ ಕಟ್ಟಕಡೆಯಲ್ಲಿದ್ದ ಶಿಕಾಗೋ ವೈಟ್ ಸಾಕ್ಸ್ ತಂಡವೇ 93 ಪಂದ್ಯಗಳನ್ನು ಗೆದ್ದು, 58ರಲ್ಲಿ ಸೋತು, ಲೀಗ್‌ನ ಅಗ್ರಸ್ಥಾನ ಪಡೆಯಿತು. ಅಷ್ಟೇ ಅಲ್ಲ, ಎರಡು ಲೀಗ್‌ಗಳ ಅಗ್ರಸ್ಥಾನಿಗಳ ನಡುವೆ ಅಕ್ಟೋಬರ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್‌ನಲ್ಲಿ, ಇನ್ನೊಂದು ಲೀಗ್ ಆದ ನ್ಯಾಷನಲ್ ಲೀಗ್‌ನಲ್ಲಿ 116 ಪಂದ್ಯಗಳನ್ನು ಗೆದ್ದು ಬಂದಿದ್ದ ಅದೇ ಊರಿನ ಶಿಕಾಗೋ ಕಬ್ಸ್ ತಂಡವನ್ನೂ ಸೋಲಿಸಿತು. ಇಡೀ ಋತುವಿನಲ್ಲಿ ವೈಟ್ ಸಾಕ್ಸ್ ಆಟಗಾರರೆಲ್ಲ ಸೇರಿ ಹೊಡೆದ ಹೋಮ್ ರನ್‌ಗಳು, ಅಂದರೆ ಒಂದೇ ಹೊಡೆತದಲ್ಲಿ ಪೂರ್ತಿ ಸುತ್ತು ಬಂದು ಗಳಿಸುವ ರನ್‌ಗಳು, ಕೇವಲ 7. ಆ ತಂಡಕ್ಕೆ ‘ಹಿಟ್‌ಲೆಸ್ ವಂಡರ್ಸ್’, ಅಂದರೆ ಹೊಡೆತವೇ ಇಲ್ಲದ ಅದ್ಭುತಗಳು, ಎಂಬ ಹೆಸರು ಅಂಟಿಕೊಂಡು ಇಂದಿಗೂ ಉಳಿದಿದೆ. ಆ ಹೆಸರಿನಲ್ಲಿ ಅಕ್ಕರೆಯೇನೋ ಇದೆ, ಆದರೆ ನ್ಯಾಯವಿಲ್ಲ. ಅವರ ಗೆಲುವು ಪವಾಡದಂತೆ ಕಂಡದ್ದಕ್ಕೆ ಮುಖ್ಯ ಕಾರಣ, ಅವರನ್ನು ಅಳೆಯಲು ಬಳಸಿದ ಅಳತೆಗೋಲೇ ಅರೆಬರೆಯದಾಗಿತ್ತು ಎಂಬುದು.

ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿಯು ಕ್ರಿಕೆಟ್ಟಿನಂತೆ ರನ್‌ಗಳ ಲೆಕ್ಕವಲ್ಲ. ಬ್ಯಾಟರ್ ಚೆಂಡನ್ನು ಹೊಡೆದು, ಮೈದಾನದ ನಾಲ್ಕು ಮೂಲೆಗಳಲ್ಲಿರುವ ಬೇಸ್‌ಗಳಲ್ಲಿ ಒಂದನ್ನು ಸುರಕ್ಷಿತವಾಗಿ ತಲುಪಿದರೆ ಅದು ಒಂದು ಹಿಟ್; ನಾಲ್ಕನ್ನೂ ಸುತ್ತಿ ಬಂದರೆ ಒಂದು ರನ್. ಸಾವಿರ ಅವಕಾಶಗಳಲ್ಲಿ ಇಂಥ ಹಿಟ್ ಎಷ್ಟು ಸಲ ಬಂತೆಂಬುದನ್ನು ಈ ಸರಾಸರಿ ಹೇಳುತ್ತದೆ. 1906ರಲ್ಲಿ ಅಮೆರಿಕನ್ ಲೀಗ್‌ನ ಒಟ್ಟು ಸರಾಸರಿ ಸಾವಿರಕ್ಕೆ 249 ಇದ್ದರೆ ವೈಟ್ ಸಾಕ್ಸ್‌ನದು 230. ಒಂದು ತಂಡಕ್ಕೆ ಋತುವಿಡೀ ಸಿಗುವ ಇಂಥ ಅವಕಾಶಗಳು ಸುಮಾರು 5,000 ಎಂದಿಟ್ಟುಕೊಂಡರೆ, ಅವರ ಕೊರತೆ ಐದು ಪಂದ್ಯಗಳಿಗೆ ಮೂರು ಹಿಟ್‌ನಷ್ಟು ಮಾತ್ರ. ಇನ್ನೊಂದೆಡೆ, ಪಿಚರ್ ನಾಲ್ಕು ಸಲ ಗುರಿತಪ್ಪಿ ಎಸೆದಾಗ ಬ್ಯಾಟರ್‌ಗೆ ಹೊಡೆಯದೆಯೇ ಮೊದಲ ಬೇಸ್ ದಕ್ಕುತ್ತದೆ. ‘ವಾಕ್’ ಎಂದು ಕರೆಯುವ ಈ ಗಳಿಕೆಯಲ್ಲಿ ವೈಟ್ ಸಾಕ್ಸ್ ಲೀಗ್‌ಗೇ ಮೊದಲಿಗರಾಗಿದ್ದರು. ತಾನು ಔಟಾದರೂ ಸರಿ, ಬೇಸ್ ಮೇಲಿರುವ ಜೊತೆಗಾರ ಮುಂದಿನ ಬೇಸಿಗೆ ಹೋಗಲೆಂದು ಚೆಂಡನ್ನು ಮೆಲ್ಲನೆ ತಟ್ಟಿ ಕೊಡುವ ತ್ಯಾಗದ ಹೊಡೆತದಲ್ಲೂ ಅವರದೇ ಮೊದಲ ಸ್ಥಾನ. ಬ್ಯಾಟಿಂಗ್ ಸರಾಸರಿಯ ಲೆಕ್ಕದಲ್ಲಿ ಇವೆರಡಕ್ಕೂ ಜಾಗವಿಲ್ಲ. ಪಂದ್ಯವನ್ನು ತೀರ್ಮಾನಿಸುವುದು ಹಿಟ್‌ಗಳಲ್ಲ, ರನ್‌ಗಳು. ರನ್ ಗಳಿಕೆಯಲ್ಲಿ ಈ ‘ಹೊಡೆತವಿಲ್ಲದ’ ತಂಡವು 570 ರನ್‌ಗಳೊಂದಿಗೆ ಎಂಟರಲ್ಲಿ ಮೂರನೆಯದಾಗಿತ್ತು.

ಈ ತಂಡ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು 460 ರನ್. ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ತಂಡದ ಗೆಲುವಿನ ಪ್ರಮಾಣ ಸರಿಸುಮಾರು ಸಿಗುತ್ತದೆ ಎಂಬ ಸರಳ ಸೂತ್ರವನ್ನು, ಬಹಳ ವರ್ಷಗಳ ನಂತರ, ಬೇಸ್‌ಬಾಲ್ ವಿಶ್ಲೇಷಕ ಬಿಲ್ ಜೇಮ್ಸ್ ಮುಂದಿಟ್ಟರು. ಅದನ್ನು ಇಲ್ಲಿ ಅನ್ವಯಿಸಿದರೆ, ಫಲಿತಾಂಶ ಕಂಡ 151 ಪಂದ್ಯಗಳಲ್ಲಿ 91 ಗೆಲುವುಗಳನ್ನು ನಿರೀಕ್ಷಿಸಬಹುದು. ಅವರು ಗೆದ್ದದ್ದು 93. ಅದೃಷ್ಟದ ಪಾಲಿಗೆ ಉಳಿಯುವುದು ಎರಡೇ ಪಂದ್ಯಗಳು.

ರನ್‌ಗಳು ಏಕೆ ಅಷ್ಟು ದುರ್ಲಭವಾಗಿದ್ದವು ಎಂಬುದನ್ನು ತಿಳಿಯಲು ಆ ಕಾಲದ ಚೆಂಡನ್ನು ನೋಡಬೇಕು. ಪುಟ್ಟ ರಬ್ಬರ್ ತಿರುಳಿನ ಸುತ್ತ ಉಣ್ಣೆಯ ನೂಲನ್ನು ಬಿಗಿಯಾಗಿ ಸುತ್ತಿ, ಮೇಲೆ ಚರ್ಮ ಹೊಲಿದ, ಸುಮಾರು 145 ಗ್ರಾಂ ತೂಕದ ಚೆಂಡು ಅದು. ಬ್ಯಾಟ್ ತಾಗಿದ ಕ್ಷಣದಲ್ಲಿ ಚೆಂಡು ಅಪ್ಪಚ್ಚಿಯಾಗಿ ಮತ್ತೆ ಉಬ್ಬುತ್ತದೆ. ಆಗ ನೂಲಿನ ಎಳೆಗಳು ಒಂದಕ್ಕೊಂದು ಉಜ್ಜಿಕೊಂಡು, ಶಕ್ತಿಯ ದೊಡ್ಡ ಪಾಲು ಶಾಖವಾಗಿ ಕಳೆದುಹೋಗುತ್ತದೆ. ಒಂದೇ ಚೆಂಡನ್ನು ಸಾಧ್ಯವಾದಷ್ಟು ಹೊತ್ತು ಆಡಿಸುವುದು ಅಂದಿನ ರೂಢಿಯಾಗಿದ್ದರಿಂದ, ಪ್ರತಿ ಹೊಡೆತಕ್ಕೂ ಅದರ ಸುತ್ತು ಸಡಿಲವಾಗಿ, ಪುಟಿತ ಕುಗ್ಗುತ್ತ ಹೋಗುತ್ತಿತ್ತು. ಮಣ್ಣು ಮತ್ತು ಹೊಗೆಸೊಪ್ಪಿನ ರಸ ಮೆತ್ತಿ ಕಪ್ಪಾದ ಚೆಂಡು ಸಂಜೆಯ ಬೆಳಕಿನಲ್ಲಿ ಕಣ್ಣಿಗೂ ಸರಿಯಾಗಿ ಬೀಳುತ್ತಿರಲಿಲ್ಲ. 1911ರ ಋತುವಿನಲ್ಲಿ ಹೆಚ್ಚು ಪುಟಿಯುವ ಬೆಂಡಿನ (ಕಾರ್ಕ್) ತಿರುಳುಳ್ಳ ಚೆಂಡು ಬಳಕೆಗೆ ಬಂದಾಗ, ಅಮೆರಿಕನ್ ಲೀಗ್‌ನ ಸರಾಸರಿ ಒಂದೇ ವರ್ಷದಲ್ಲಿ ಸಾವಿರಕ್ಕೆ 243ರಿಂದ 273ಕ್ಕೆ ಜಿಗಿಯಿತು.

ಇಂಥ ಚೆಂಡನ್ನು ವೈಟ್ ಸಾಕ್ಸ್‌ನ ಪಿಚರ್ ಎಡ್ ವಾಲ್ಶ್ ತನಗೆ ಅನುಕೂಲವಾಗುವಂತೆ ಪಳಗಿಸಿಕೊಂಡ. ಎಲ್ಮರ್ ಸ್ಟ್ರಿಕ್‌ಲೆಟ್ ಎಂಬ ಪಿಚರ್‌ನಿಂದ ಆತ ಕಲಿತದ್ದು ಸ್ಪಿಟ್‌ಬಾಲ್, ಅಂದರೆ ಎಂಜಲು ಸವರಿ ಎಸೆಯುವ ಚೆಂಡು. ಅದು 1920ರವರೆಗೂ ನಿಯಮಬದ್ಧವಾಗಿತ್ತು. ಎಂಜಲಿನ ಉಪಯೋಗ ಗಾಳಿಯಲ್ಲಲ್ಲ, ಬೆರಳತುದಿಯಲ್ಲಿ. ಸಾಮಾನ್ಯ ವೇಗದ ಎಸೆತದಲ್ಲಿ ಬೆರಳುಗಳು ಚೆಂಡಿನ ಹಿಂಬದಿಯನ್ನು ಕೆಳಮುಖವಾಗಿ ಎಳೆದುಬಿಡುವುದರಿಂದ, ಅದು ಹಿಮ್ಮುಖವಾಗಿ ಗಿರಗಿರನೆ ತಿರುಗುತ್ತ ಸಾಗುತ್ತದೆ; ಆ ತಿರುಗುವಿಕೆಯಿಂದ ಗಾಳಿಯು ಚೆಂಡಿನ ಹಿಂದೆ ಕೆಳಮುಖವಾಗಿ ಬಾಗಿ, ಅದರ ಪ್ರತಿಕ್ರಿಯೆಯಾಗಿ ಚೆಂಡಿಗೆ ಮೇಲ್ಮುಖವಾದ ಒತ್ತಾಸೆ ದೊರೆಯುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ. ಒದ್ದೆಯಾದ ಚೆಂಡು ಬೆರಳುಗಳಿಂದ ಹೆಚ್ಚು ತಿರುಗದೆ ಜಾರಿಕೊಳ್ಳುವುದರಿಂದ ಆ ಒತ್ತಾಸೆ ಅದಕ್ಕೆ ಸಿಗುವುದಿಲ್ಲ. ಪಿಚರ್‌ನಿಂದ ಬ್ಯಾಟರ್‌ವರೆಗಿನ 18.44 ಮೀಟರ್ ದೂರವನ್ನು ಚೆಂಡು ದಾಟುವ ಸರಿಸುಮಾರು ಅರ್ಧ ಸೆಕೆಂಡಿನಲ್ಲಿ, ಗುರುತ್ವವೊಂದೇ ಅದನ್ನು ಸುಮಾರು ಒಂದು ಮೀಟರ್‌ನಷ್ಟು ಕೆಳಗೆಳೆಯಬಲ್ಲದು. ವೇಗದ ಎಸೆತಕ್ಕೆ ಒಗ್ಗಿದ ಕಣ್ಣು ಚೆಂಡು ಅಷ್ಟು ಇಳಿಯದೆಂದು ಲೆಕ್ಕಹಾಕಿರುತ್ತದೆ. ಬ್ಯಾಟ್ ಚೆಂಡಿನ ಮೇಲಿನಿಂದ ಬೀಸಿಹೋಗುತ್ತದೆ. ವಾಲ್ಶ್ ಆ ವರ್ಷ 10 ಪಂದ್ಯಗಳಲ್ಲಿ ಎದುರಾಳಿಗೆ ಒಂದು ರನ್ನೂ ಕೊಡಲಿಲ್ಲ. ಹಾಗಿದ್ದೂ ತಂಡದಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ಪಿಚರ್ ಅವನಲ್ಲ: ಫ್ರಾಂಕ್ ಓವೆನ್ 22, ನಿಕ್ ಆಲ್ಟ್ರಾಕ್ 20, ಡಾಕ್ ವೈಟ್ 18 ಗೆಲುವುಗಳೊಂದಿಗೆ ಅವನಿಗಿಂತ ಮುಂದಿದ್ದರು.

ಆಗಸ್ಟ್‌ನಲ್ಲಿ ಈ ತಂಡ ಸತತ 19 ಗೆಲುವುಗಳನ್ನು ದಾಖಲಿಸಿತು. ಇಲ್ಲಿ ಮಾತ್ರ ಅದೃಷ್ಟಕ್ಕೆ ಧಾರಾಳವಾಗಿ ಪಾಲು ಕೊಡಬೇಕು. ಪ್ರತಿ ಪಂದ್ಯದಲ್ಲೂ ಶೇಕಡ 61.6ರಷ್ಟು ಗೆಲ್ಲುವ ಸಂಭವವಿರುವ ತಂಡವೊಂದು, 151 ಪಂದ್ಯಗಳ ಋತುವಿನಲ್ಲಿ ಎಲ್ಲಾದರೂ ಇಂಥ ಸರಪಳಿ ಕಟ್ಟುವ ಸಂಭವ ಇನ್ನೂರರಲ್ಲಿ ಒಂದು. ಅಮೆರಿಕನ್ ಲೀಗ್‌ನಲ್ಲಿ ಈ ದಾಖಲೆಯನ್ನು ಮೀರಿದ್ದು 2002ರ ಓಕ್ಲೆಂಡ್ ತಂಡ; ಬ್ಯಾಟಿಂಗ್ ಸರಾಸರಿಗಿಂತ ಬೇಸ್ ತಲುಪುವ ಸಾಮರ್ಥ್ಯಕ್ಕೆ ಹೆಚ್ಚು ಬೆಲೆ ಕೊಟ್ಟು ಆಟಗಾರರನ್ನು ಆರಿಸಿಕೊಂಡದ್ದಕ್ಕೇ ಹೆಸರಾದ ತಂಡವದು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ವರ್ಲ್ಡ್ ಸೀರೀಸ್‌ನ ಆರು ಪಂದ್ಯಗಳಲ್ಲಿ ವೈಟ್ ಸಾಕ್ಸ್‌ನ ಸರಾಸರಿ ಸಾವಿರಕ್ಕೆ 198, ಕಬ್ಸ್‌ನದು 196. ಮೊದಲ ನಾಲ್ಕು ಪಂದ್ಯಗಳು ಮುಗಿದಾಗ ಎರಡೂ ತಂಡಗಳು ಎರಡೆರಡು ಗೆದ್ದಿದ್ದವು. ವೈಟ್ ಸಾಕ್ಸ್‌ನ ಆ ಎರಡೂ ಗೆಲುವುಗಳಲ್ಲಿ ನಿರ್ಣಾಯಕವಾದದ್ದು, ಬದಲಿ ಆಟಗಾರನಾಗಿ ಬಂದ ಜಾರ್ಜ್ ರೋಹಿ ಚೆಂಡನ್ನು ಹೊಡೆದು ಮೂರನೆಯ ಬೇಸ್‌ವರೆಗೆ ಓಡಿದ್ದು. ಕೊನೆಯ ಎರಡು ಪಂದ್ಯಗಳಲ್ಲಿ ಈ ‘ಹೊಡೆತವಿಲ್ಲದವರು’ ಎಂಟೆಂಟು ರನ್ ಗಳಿಸಿ, ನಾಲ್ಕು-ಎರಡರಿಂದ ಸರಣಿ ಗೆದ್ದರು. ಎರಡೂ ಲೀಗ್‌ಗಳು ಸಮಬಲದವೆಂದು ಭಾವಿಸಿ, ಎರಡೂ ತಂಡಗಳ ಗೆಲುವಿನ ಪ್ರಮಾಣಗಳನ್ನು ಹೋಲಿಸಿದರೆ, ಒಂದೊಂದು ಪಂದ್ಯದಲ್ಲಿ ಕಬ್ಸ್ ಗೆಲ್ಲುವ ಸಂಭವ ಮೂರರಲ್ಲಿ ಎರಡು. ಹಾಗಿದ್ದರೂ ನಾಲ್ಕು ಗೆಲುವಿಗೆ ಮುಗಿಯುವ ಸರಣಿಯಲ್ಲಿ ವೈಟ್ ಸಾಕ್ಸ್‌ಗೆ ಸುಮಾರು ಆರರಲ್ಲಿ ಒಂದು ಅವಕಾಶ ಇದ್ದೇ ಇತ್ತು. ಇದು ಅಪರೂಪವೇನೋ ಹೌದು, ಅಸಾಧ್ಯವಲ್ಲ.

ಕಬ್ಸ್ ತಂಡ 1907 ಮತ್ತು 1908ರಲ್ಲಿ ವರ್ಲ್ಡ್ ಸೀರೀಸ್ ಗೆದ್ದು ತನ್ನ ನಿಜವಾದ ಶಕ್ತಿಯನ್ನು ತೋರಿಸಿತು. ವೈಟ್ ಸಾಕ್ಸ್ ತಮ್ಮ ಹಳೆಯ ದಾರಿಯನ್ನೇ ಇನ್ನಷ್ಟು ದೂರ ನಡೆದರು: 1908ರಲ್ಲಿ ಇಡೀ ತಂಡದ ಹೋಮ್ ರನ್‌ಗಳು 3ಕ್ಕೆ ಇಳಿದವು, ವಾಲ್ಶ್ ಒಬ್ಬನೇ 40 ಪಂದ್ಯಗಳನ್ನು ಗೆದ್ದ, ಮತ್ತು ತಂಡವು ಅಗ್ರಸ್ಥಾನಕ್ಕೆ ಒಂದೂವರೆ ಪಂದ್ಯದ ಅಂತರದಲ್ಲಿ ಋತುವನ್ನು ಮುಗಿಸಿತು.