ಉರುಫ್: ಓನರ್ ಹೆಸರು ಬದಲಾದರೆ ಬಾಡಿಗೆ ಕರಾರಿನಲ್ಲಿ ಏನು ಬರೆಯಬೇಕು?

ಹಳೆಯ ಕ್ರಯಪತ್ರಗಳಲ್ಲಿ ‘ಶಾರದಮ್ಮ ಉರುಫ್ ಶಾಂತಾ’ ಎಂಬಂಥ ಬರಹ ಕಂಡಿರುತ್ತೀರಿ. ತಂದೆಯ ಹೆಸರಿಗೆ ಮೊದಲು ಬರೆಯುವ ‘ಬಿನ್’ನಂತೆ ಇದೂ ಅರಬ್ಬಿ ಮೂಲದ ಪದ, ಅಲ್ಲಿ ‘ಉರ್ಫ್’ ಎಂದರೆ ರೂಢಿಯಲ್ಲಿರುವುದು, ಎಲ್ಲರಿಗೂ ತಿಳಿದಿರುವುದು. ನಮ್ಮ ದಸ್ತಾವೇಜಿನಲ್ಲಿ ಅದರ ಕೆಲಸ ಒಂದೇ: ಹೆಸರು ಎರಡಾದರೂ ವ್ಯಕ್ತಿ ಒಬ್ಬರೇ ಎಂದು ತಿಳಿಸುವುದು. ಎಫ್‌ಐಆರ್‌ಗಳಲ್ಲಿ ಹೆಸರುಗಳ ನಡುವೆ ಕಾಣುವ ‘@’ ಗುರುತಿಗೂ ಇದೇ ಅರ್ಥ.

ಮದುವೆಯ ನಂತರವೋ ಗೆಜೆಟ್ ಪ್ರಕಟಣೆ ಕೊಟ್ಟೋ ಮನೆ ಓನರ್ ಹೆಸರು ಬದಲಿಸಿಕೊಂಡರೆ ವ್ಯಕ್ತಿ ಬದಲಾಗುವುದಿಲ್ಲ, ಹಾಗಾಗಿ ಕರಾರೂ ಮುರಿಯುವುದಿಲ್ಲ. ಬಾಡಿಗೆ, ಅಡ್ವಾನ್ಸ್, 11 ತಿಂಗಳ ಅವಧಿ ಎಲ್ಲವೂ ಇದ್ದ ಹಾಗೇ ಇರುತ್ತವೆ. ಹೆಸರು ಬದಲಾಯಿತೆಂದು ಬಾಡಿಗೆ ಏರಿಸಿ ಹೊಸ ಕರಾರಿಗೆ ಸಹಿ ಕೇಳಿದರೆ ಒಪ್ಪಬೇಕಾಗಿಲ್ಲ. ಮನೆ ಮಾರಾಟವಾದರೆ, ಓನರ್ ತೀರಿಕೊಂಡರೆ ಮಾತು ಬೇರೆ. ಅಲ್ಲಿ ಉರುಫ್‌ಗೆ ಜಾಗವಿಲ್ಲ.

ಆದರೆ ಈ ಪದಕ್ಕೊಂದು ಕೊರತೆಯಿದೆ. ಎರಡೂ ಹೆಸರು ಈಗಲೂ ಬಳಕೆಯಲ್ಲಿವೆ ಎಂಬ ಭಾವನೆ ಅದರಿಂದ ಬರುತ್ತದೆ. ಹೊಸ ಹೆಸರು ಯಾವತ್ತಿನಿಂದ ಎನ್ನುವುದು ತಿಳಿಯುವುದಿಲ್ಲ. ಬಾಡಿಗೆ ಲೆಕ್ಕದಲ್ಲಿ ತಾರೀಖೇ ಮುಖ್ಯ. ಅದಕ್ಕೇ ಉರುಫ್ ಬದಲು ‘ಹಿಂದಿನ ಹೆಸರು’ ಎಂದು ಬರೆದು, ಬದಲಾದ ದಿನಾಂಕವನ್ನೂ ಗೆಜೆಟ್ ಅಥವಾ ವಿವಾಹ ಪ್ರಮಾಣಪತ್ರದ ವಿವರವನ್ನೂ ಸೇರಿಸುವುದು ಒಳ್ಳೆಯದು.

ಇದನ್ನು ಮೂಲ ಕರಾರಿನ ಮೇಲೆ ಬರೆಯಬಾರದು. ವೈಟ್ನರ್ ಅಂತೂ ಬೇಡವೇ ಬೇಡ. ಸಹಿಯಾದ ಮೇಲೆ ಒಬ್ಬರೇ ತಿದ್ದಿದರೆ ಇಡೀ ಪತ್ರವೇ ಅನುಮಾನಕ್ಕೆ ಗುರಿಯಾಗುತ್ತದೆ. ಬೇರೆ ಹಾಳೆಯಲ್ಲಿ ಪೂರಕ ಕರಾರು ಮಾಡಿ. ಮೂಲ ಕರಾರಿನ ತಾರೀಖು, ಅದರ ಇ-ಸ್ಟಾಂಪ್ ಸಂಖ್ಯೆ, ಮನೆಯ ವಿಳಾಸ, ಎರಡೂ ಹೆಸರು, ಉಳಿದ ಷರತ್ತು ಬದಲಾಗಿಲ್ಲ ಎಂಬ ಸಾಲು, ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು ಅದರಲ್ಲಿರಲಿ. ಮೂಲ ಕರಾರು ನೋಂದಣಿಯಾಗಿದ್ದರೆ ಇದನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ.

ಹೆಚ್ಚಿನವರು ಮರೆಯುವುದು ಅಡ್ವಾನ್ಸ್. ‘ಹಿಂದಿನ ಹೆಸರಿನಲ್ಲಿ ಪಡೆದ ಇಷ್ಟು ರೂಪಾಯಿಯನ್ನು ಹಿಂದಿರುಗಿಸುವ ಹೊಣೆ ನನ್ನದೇ’ ಎಂದು ಮೊತ್ತ ಸಮೇತ ಬರೆಸಿಕೊಳ್ಳಿ. ಭೋಗ್ಯಕ್ಕೆ ಲಕ್ಷಗಟ್ಟಲೆ ಕೊಟ್ಟವರಿಗಂತೂ ಈ ಸಾಲು ಇಲ್ಲದೆ ನಡೆಯದು.

ರಸೀದಿಗಳು ಬದಲಾವಣೆಯ ದಿನದವರೆಗೆ ಹಳೆಯ ಹೆಸರಿನಲ್ಲೇ ಉಳಿಯಲಿ, ಆಮೇಲಿನವು ಹೊಸ ಹೆಸರಿಗೆ ಬರಲಿ. ಹಿಂದಿನ ತಿಂಗಳ ರಸೀದಿಗಳನ್ನು ಹೊಸ ಹೆಸರಿನಲ್ಲಿ ಮತ್ತೆ ಬರೆಸಿದರೆ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಅವು ತಾಳೆಯಾಗುವುದಿಲ್ಲ. ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಗೆ (ಎಚ್‌ಆರ್‌ಎ) ತೆರಿಗೆ ವಿನಾಯಿತಿ ಪಡೆಯುವಾಗ ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ಮೀರಿದ್ದರೆ ಓನರ್ ಪ್ಯಾನ್ ಕೊಡಬೇಕು. ಹೆಸರು ಬದಲಾದರೂ ಪ್ಯಾನ್ ಸಂಖ್ಯೆ ಬದಲಾಗುವುದಿಲ್ಲ, ಆದರೆ ಪ್ಯಾನ್ ದಾಖಲೆಯಲ್ಲಿ ಹಳೆಯ ಹೆಸರೇ ಉಳಿದಿದ್ದರೆ ಆಫೀಸಿನವರು ರಸೀದಿಯನ್ನು ವಾಪಸ್ ಕಳಿಸಬಹುದು. ಆಗ ಪೂರಕ ಕರಾರಿನ ಪ್ರತಿ ಲಗತ್ತಿಸಿ.

ಹೆಸರಿನ ಜೊತೆ ಬ್ಯಾಂಕ್ ಖಾತೆ ಸಂಖ್ಯೆ ಬದಲಾಗಬೇಕಿಲ್ಲ. ‘ಹೆಸರು ಬದಲಾಗಿದೆ, ಇನ್ನು ಈ ಖಾತೆಗೆ ಹಾಕಿ’ ಎಂದು ವಾಟ್ಸಾಪ್ ಬಂದರೆ, ನಿಮ್ಮ ಬಳಿ ಮೊದಲಿನಿಂದ ಇರುವ ನಂಬರಿಗೇ ಫೋನ್ ಮಾಡಿ ಖಚಿತಪಡಿಸಿಕೊಂಡು ದುಡ್ಡು ಕಳಿಸಿ.