ಸ್ವಂತ ಫ್ಲ್ಯಾಟಿನ ಬಾಡಿಗೆ: ಕೇಳುವ ದರ, ಸಿಗುವ ದರ

ಮುಂಬೈ ಕಡೆಯ ಠಾಣೆ, ಮುಲುಂಡ್, ಡೊಂಬಿವಲಿಗಳಲ್ಲಿ ಎರಡನೆಯ ಫ್ಲ್ಯಾಟ್ ಹೊಂದಿರುವ ಕನ್ನಡಿಗರು ತೆರಿಗೆ ಲೆಕ್ಕಕ್ಕೆಂದು ನನ್ನ ಬಳಿ ಬಂದಾಗ, ಬಾಡಿಗೆ ಎಷ್ಟು ಕೇಳಬೇಕೆಂಬ ಮಾತನ್ನು ಹೆಚ್ಚಾಗಿ ಸಾಲದ ಕಂತಿನಿಂದಲೇ ಆರಂಭಿಸುತ್ತಾರೆ. ತಿಂಗಳಿಗೆ 60,000 ರೂಪಾಯಿ ಕಂತು ಕಟ್ಟುವವರಿಗೆ 42,000 ರೂಪಾಯಿ ಬಾಡಿಗೆ ನಷ್ಟವೆಂದು ತೋರುವುದು ಸಹಜ. ಆದರೆ ಕಂತು ನಿರ್ಧಾರವಾಗಿರುವುದು ನೀವು ಮಾಡಿದ ಸಾಲದಿಂದ. ಬಾಡಿಗೆ ನಿರ್ಧಾರವಾಗುವುದು ಅದೇ ಕಟ್ಟಡದಲ್ಲಿ ಅಂಥದೇ ಮನೆ ಇಂದು ಎಷ್ಟಕ್ಕೆ ಸಿಗುತ್ತದೆ ಎಂಬುದರಿಂದ.

ಜಾಹೀರಾತಿನಲ್ಲಿ ಕಾಣುವುದು ಕೇಳುವ ದರ, ಕರಾರಿನಲ್ಲಿ ಇರುವುದು ಸಿಕ್ಕ ದರ. ಸೊಸೈಟಿಯಲ್ಲಿ, ಅಂದರೆ ಫ್ಲ್ಯಾಟ್ ಮಾಲೀಕರ ಸಹಕಾರ ಸಂಘದಲ್ಲಿ, ಈಚಿನ ಆರೇಳು ತಿಂಗಳಲ್ಲಿ ಮನೆ ಬಾಡಿಗೆಗೆ ಕೊಟ್ಟ ಮೂರು ನಾಲ್ಕು ಮಂದಿಯನ್ನು ವಿಚಾರಿಸಿದರೆ ಎರಡನೆಯದು ತಿಳಿಯುತ್ತದೆ. ಹೋಲಿಸುವಾಗ ಕಾರ್ಪೆಟ್ ಏರಿಯಾವನ್ನೇ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗವನ್ನೇ, ಹಿಡಿಯಬೇಕು. ಪಾರ್ಕಿಂಗ್ ಇದೆಯೇ, ಸ್ಟೇಷನ್ನಿಗೆ ನಡೆದು ಹೋಗಬಹುದೇ ಅಥವಾ ರಿಕ್ಷಾ ಬೇಕೇ ಎಂಬುದನ್ನೂ ನೋಡಬೇಕು.

ಖಾಲಿ ತಿಂಗಳ ಬೆಲೆಯನ್ನು ಬಹಳ ಮಂದಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 42,000ಕ್ಕೆ ಕೂಡಲೇ ಹೋಗುವ ಮನೆ ವರ್ಷಕ್ಕೆ 5,04,000 ರೂಪಾಯಿ ತರುತ್ತದೆ. 45,000ವೇ ಬೇಕೆಂದು ಹಟ ಹಿಡಿದು ಒಂದೇ ತಿಂಗಳು ಖಾಲಿ ಇಟ್ಟರೂ ಬರುವುದು 4,95,000. ಎರಡು ತಿಂಗಳಾದರೆ 4,50,000. ಆ ಅವಧಿಯ ಮೇಂಟೆನೆನ್ಸ್ ಹೇಗೂ ಮಾಲೀಕರ ತಲೆಯ ಮೇಲೆಯೇ ಬೀಳುತ್ತದೆ.

ಠೇವಣಿ ಹೆಚ್ಚಿಸಿ ಬಾಡಿಗೆ ಇಳಿಸುವ ಮುಂಬೈಯ ‘ಹೆವಿ ಡಿಪಾಸಿಟ್’ ಪದ್ಧತಿಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಬಾಡಿಗೆದಾರರು ಒಂದು ಲಕ್ಷ ಹೆಚ್ಚು ಠೇವಣಿ ಇಟ್ಟರೆ, ಬ್ಯಾಂಕಿನಲ್ಲಿ ಶೇಕಡಾ 7ರ ಬಡ್ಡಿ ಸಿಗುತ್ತದೆಂದು ಹಿಡಿದರೂ ತಿಂಗಳಿಗೆ ಸುಮಾರು 580 ರೂಪಾಯಿಯಾಗುತ್ತದೆ. ಅಷ್ಟನ್ನು ಬಾಡಿಗೆಯಲ್ಲಿ ಇಳಿಸುವುದು ನ್ಯಾಯ. ಎರಡು ಸಾವಿರ ಇಳಿಸುವುದು ಧಾರಾಳತನ, ಏನೂ ಇಳಿಸದಿರುವುದು ಜಿಪುಣತನ.

ಮನೆಯನ್ನು ಬಾಡಿಗೆಗೆ ಕೊಟ್ಟ ಸದಸ್ಯರಿಂದ ಸೊಸೈಟಿಯು ನಾನ್-ಆಕ್ಯುಪೆನ್ಸಿ ಶುಲ್ಕ ಪಡೆಯುತ್ತದೆ. ಮಹಾರಾಷ್ಟ್ರ ಸರ್ಕಾರದ 2001ರ ಆದೇಶದ ಪ್ರಕಾರ ಅದು ಸೇವಾ ಶುಲ್ಕದ ಶೇಕಡಾ 10ನ್ನು ಮೀರುವಂತಿಲ್ಲ, ನಗರಪಾಲಿಕೆಯ ತೆರಿಗೆ ಆ ಲೆಕ್ಕಕ್ಕೆ ಸೇರುವುದಿಲ್ಲ. ನಿಮ್ಮ ಬಿಲ್ಲಿನಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಬಾಡಿಗೆ ಏರಿಸುವ ಬದಲು ಸೊಸೈಟಿಗೆ ಪತ್ರ ಬರೆಯಿರಿ.

ಇಷ್ಟೆಲ್ಲ ತೂಗಿ ಒಪ್ಪಿದ ದರವನ್ನು ನೋಂದಾಯಿಸದೆ ಬಿಡುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೆಯ ಕಲಮು ಲೀವ್ ಅಂಡ್ ಲೈಸೆನ್ಸ್ ಕರಾರಿನ, ಅಂದರೆ ನಿಗದಿತ ಅವಧಿಗೆ ಮನೆ ಬಳಸಲು ಅನುಮತಿ ಕೊಡುವ ಒಪ್ಪಂದದ, ನೋಂದಣಿಯನ್ನು ಕಡ್ಡಾಯಗೊಳಿಸಿ, ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ನೋಂದಾಯಿತ ಕರಾರು ಇಲ್ಲದೆ ವ್ಯಾಜ್ಯವಾದರೆ, ಬೇರೆ ರೀತಿ ಸಾಬೀತಾಗುವವರೆಗೆ ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ ನಿಲ್ಲುತ್ತದೆ. ಖರ್ಚಿನ ಮಾತಾದರೆ, ಒಟ್ಟು ಬಾಡಿಗೆಗೆ ಠೇವಣಿಯ ಮೇಲೆ ಶೇಕಡಾ 10ರ ವಾರ್ಷಿಕ ಬಡ್ಡಿಯನ್ನು ಸೇರಿಸಿ ಅದರ ಶೇಕಡಾ 0.25 ಮುದ್ರಾಂಕ ಶುಲ್ಕ: 42,000 ಬಾಡಿಗೆ, ಒಂದೂವರೆ ಲಕ್ಷ ಠೇವಣಿಯ 11 ತಿಂಗಳ ಕರಾರಿಗೆ ಸುಮಾರು 1,200 ರೂಪಾಯಿ. ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000.

ಎರಡನೆಯ ವರ್ಷ ದರ ಎಷ್ಟು ಏರುತ್ತದೆ ಎಂಬುದನ್ನು ಮೊದಲ ಕರಾರಿನಲ್ಲೇ ಬರೆಯಿಸಿಕೊಳ್ಳಿ. ತಿಂಗಳ ಐದನೆಯ ತಾರೀಕಿನೊಳಗೆ ಹಣ ಹಾಕುವ ಬಾಡಿಗೆದಾರರು ಇದ್ದಲ್ಲಿ ನಾನು ಸೂಚಿಸುವುದು ಶೇಕಡಾ 5. ಅವರು ಬಿಟ್ಟು ಹೋದರೆ ಬಣ್ಣ, ದಲ್ಲಾಳಿ, ಖಾಲಿ ತಿಂಗಳು ಸೇರಿ ಅದಕ್ಕಿಂತ ಹೆಚ್ಚೇ ಹೋಗುತ್ತದೆ.